ಎಡಗಡೆಯ ಬ್ರೇಕು

ನಮ್ಮ ಬೀದಿಯಲ್ಲಿ ಕಾರು ಓಡಿಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅರ್ಧಕ್ಕರ್ಧ ಜನ ಬ್ರೇಕ್ ಮೇಷ್ಟ್ರ ಶಿಷ್ಯರೇ. ನಾನೂ ಒಬ್ಬಳು. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವಲ್ಲ, ಆ ಎಡಗಡೆಯ ಸೀಟಿನಲ್ಲೇ ಅವರ ಆಯುಷ್ಯ ಕಳೆಯಿತು. ನನ್ನಂಥ ಮಂಕುದಿಣ್ಣೆಗಳು ಗೋಡೆಗೋ ಕಂಬಕ್ಕೋ ಗುದ್ದುವ ಮೊದಲೇ ಅವರ ಕಾಲು ಕೆಳಗಿಳಿದಿರುತ್ತಿತ್ತು. ಬೈಗುಳವಿಲ್ಲ, ಉಸ್ಸಪ್ಪ ಅನ್ನುವುದಿಲ್ಲ. "ಪರವಾಗಿಲ್ಲಮ್ಮ, ಮತ್ತೆ ಹೊರಡಿ" ಅಂತ ಅಷ್ಟೇ. ಅವರು ಪಕ್ಕದಲ್ಲಿದ್ದಾಗ ಯಾವ ಶಿಷ್ಯರ ಮೈಮೇಲೂ ಒಂದು ಗೀರು ಬಿದ್ದದ್ದಿಲ್ಲ. ಅದೇ ಅವರ ಹೆಮ್ಮೆ, ಅದರಿಂದಲೇ ಆ ಅಡ್ಡಹೆಸರು.

ಊರಿಗೆಲ್ಲ ಕಾರು ಕಲಿಸಿದವರ ಮನೆಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ನಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಹೆಂಡತಿ ಹೊಲಿಗೆ ಮಿಷನ್ನಿನಲ್ಲಿ ಅಂಗಡಿಗಳಿಗೆ ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಾಳೆ. ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಕಾಲಲ್ಲಿ ಬಲವಿಲ್ಲ, ಗಾಲಿ ಕುರ್ಚಿಯೇ ಗತಿ. ಆದರೆ ಬಾಯಿ ಮಾತ್ರ ಅಪ್ಪ ಅಮ್ಮ ಇಬ್ಬರದ್ದೂ ಸೇರಿಸಿ ಕೊಟ್ಟ ಹಾಗಿದೆ. ಓದಿ, ಕಂಡಕಂಡಲ್ಲಿ ಅರ್ಜಿ ಹಾಕಿ, ಕೊನೆಗೆ ಊರಾಚೆಯ ಔಷಧಿ ಗೋದಾಮಿನಲ್ಲಿ ಫೋನ್ ಎತ್ತಿ ಆರ್ಡರು ಬರೆದುಕೊಳ್ಳುವ ಕೆಲಸ ಗಿಟ್ಟಿಸಿದಳು. ಅಲ್ಲಿಗೆ ಬಸ್ಸಿಲ್ಲ. ಕುರ್ಚಿ ಕಂಡರೆ ಬಾಡಿಗೆ ಗಾಡಿಯವರು ಕತ್ತು ಆಚೆ ತಿರುಗಿಸಿಕೊಂಡು ಹೋಗುತ್ತಾರೆ.

ಅದೇ ತಿಂಗಳು ಕಣ್ಣಿನ ಡಾಕ್ಟರು ಮೇಷ್ಟ್ರನ್ನು ಕೂರಿಸಿ, ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳನ್ನು ಒಳಗಿಂದ ತಿಂದಿದೆ, ಉಳಿದ ನೋಟವೂ ನಿಧಾನವಾಗಿ ಹೋಗುತ್ತದೆ ಎಂದರು. ಡ್ರೈವಿಂಗ್ ಸ್ಕೂಲಿನ ಯಜಮಾನ ಕೆಲಸ ಬಿಡಿಸಿದ. ಬಿಡಿಸುವಾಗ ಮನಸ್ಸು ಚುಚ್ಚಿತೋ ಏನೋ, ಶೆಡ್ಡಿನ ಹಿಂದೆ ನಿಲ್ಲಿಸಿದ್ದ ಹಳೆಯ ಪುಟ್ಟ ಕಾರನ್ನು ಗುಜರಿ ಬೆಲೆಗೆ ಕೊಟ್ಟ. ಹೀಗೆ ಕಣ್ಣು ಹೋಗುವ ಹೊತ್ತಿಗೆ ಮೇಷ್ಟ್ರಿಗೆ ಮೊದಲ ಕಾರು ಬಂತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುವುದು ಇದಕ್ಕೇ.

ಕಾರೋ, ದೇವರಿಗೇ ಪ್ರೀತಿ. ಎಷ್ಟು ಉಜ್ಜಿದರೂ ಬಾಗಿಲ ಮೇಲಿನ ಡ್ರೈವಿಂಗ್ ಸ್ಕೂಲಿನ ಹೆಸರು ಮಾಸಲಿಲ್ಲ, ಎಡಗಡೆಯ ಪೆಡಲುಗಳೂ ಹಾಗೇ ಇದ್ದವು. ಎರಡನೇ ಗೇರಿಗೆ ಹಾಕಿದರೆ ಹಲ್ಲುನೋವು ಬಂದವರ ಹಾಗೆ ನರಳುತ್ತಿತ್ತು. ಹಿಂದಿನ ಡಿಕ್ಕಿ ಬಾಗಿಲು ತನ್ನಷ್ಟಕ್ಕೆ ಮೇಲೆ ನಿಲ್ಲುತ್ತಿರಲಿಲ್ಲ. ಕುರ್ಚಿ ಮಡಚಿ ಒಳಗಿಡುವಾಗ ಒಂದು ಕೋಲು ಆನಿಸಬೇಕು. ಆ ಕೋಲು ಹಿಡಿಯುವ ಕೆಲಸ ನನ್ನದಾಯಿತು. ಆದರೂ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೊದಲ ದಿನ ಹೊರಟಾಗ ಮೇಷ್ಟ್ರ ಮುಖ ನೋಡಬೇಕಿತ್ತು. ಬಲಗಡೆಯ ಸೀಟಿನಲ್ಲಿ ಕುಳಿತು ಅವರಿಗೇ ಅಭ್ಯಾಸವಿರಲಿಲ್ಲ.

"ಅಪ್ಪಾ, ಗೇರಿಗೆ ಹೀಗೆ ತಡಕಾಡ್ತಿದ್ರೆ ಲೈಸೆನ್ಸ್ ಕೊಡಲ್ಲ ನಿನಗೆ" ಎಂದು ಮಗಳು ಹಿಂದಿನಿಂದ ನಗಿಸಿದಳು.

ಕಣ್ಣು ಪೂರ್ತಿ ಹೋಗುವುದರೊಳಗೆ ಹೆಂಡತಿಗೆ ಕಲಿಸಿಬಿಡಬೇಕು, ಇಲ್ಲದಿದ್ದರೆ ಮಗಳ ಕೆಲಸ ಹೋದ ಹಾಗೆಯೇ. ಮೂವರಿಗೂ ಇದು ಗೊತ್ತಿತ್ತು. ದಿನಾ ಸಂಜೆ ಊರ ಹೊರಗಿನ ಖಾಲಿ ಮೈದಾನದಲ್ಲಿ ಪಾಠ. ಆಕೆ ಬಲಗಡೆ, ಮೇಷ್ಟ್ರು ತಮ್ಮ ಹಳೆಯ ಎಡಗಡೆ. ಆಕೆ ಬೇಗ ಕಲಿತಳು. ಗೇರು, ಕ್ಲಚ್ಚು, ತಿರುವು ಎಲ್ಲ ಬಂತು. ಮನೆಗೆ ಬಂದು ನನ್ನೆದುರು ಜಂಬ ಕೊಚ್ಚುತ್ತಿದ್ದಳು. "ಅಕ್ಕಾ, ಬೆಣ್ಣೆ ಹಾಗೆ ನಿಲ್ಲಿಸ್ತೀನಿ. ಕಾಲು ಹೀಗೆ ಇಟ್ರೆ ಸಾಕು, ಗಪ್ಪಂತ ನಿಲ್ಲುತ್ತೆ."

ಒಂದು ಸಂಜೆ ನಾನೂ ಹಿಂದಿನ ಸೀಟಿನಲ್ಲಿ ಕುಳಿತೆ. ಆಕೆ ಹೊಲಿಗೆ ಮಿಷನ್ನಿನ ಪೆಡಲಿನ ಮೇಲೆ ಇಡುವ ಹಾಗೆ ಹಗುರವಾಗಿ ಬ್ರೇಕಿನ ಮೇಲೆ ಕಾಲಿಟ್ಟಳು. ಎಡಗಡೆ ಮೇಷ್ಟ್ರ ಕಾಲು ಅಷ್ಟರಲ್ಲಾಗಲೇ ಪೂರ್ತಿ ಕೆಳಗಿತ್ತು. ಇಳಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ಆ ಕಾಲು ತೆಗೀರಿ. ನಿಲ್ಲಿಸ್ತಿರೋದು ನೀವು, ಅವಳಲ್ಲ" ಎಂದೆ.

"ನಾನೆಲ್ಲಿ ಒತ್ತಿದೆ?" ಎಂದರು ಮೇಷ್ಟ್ರು.

ಅವರು ಸುಳ್ಳು ಹೇಳುವವರಲ್ಲ. ಒತ್ತಿದ್ದು ಅವರಿಗೆ ನಿಜಕ್ಕೂ ಗೊತ್ತೇ ಇರಲಿಲ್ಲ. ನನಗೆ ಸಿಟ್ಟು ಬಂದು, ಎಲ್ಲಾದರೂ ಹಾಳಾಗಿ ಹೋಗಿ ಎಂದು ಗೊಣಗಿಕೊಂಡು ಮಹಡಿ ಹತ್ತಿದೆ.

ಅಷ್ಟರಲ್ಲಿ ಒಂದು ಬೆಳಗ್ಗೆ ಗೋದಾಮಿನ ದಾರಿಯಲ್ಲಿ ಮೇಷ್ಟ್ರು ಏನೂ ಇಲ್ಲದ ರಸ್ತೆಯ ನಡುವೆ ಗಕ್ಕನೆ ಕಾರು ನಿಲ್ಲಿಸಿದರು. ಹಿಂದಿದ್ದ ಲಾರಿಯವನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ಬಾಯಿಗೆ ಬಂದದ್ದು ಬೈದು ಹೋದ.

"ಯಾರೋ ಅಡ್ಡ ಬಂದರಲ್ಲಮ್ಮ."

"ಅಪ್ಪಾ, ಅದು ಕಂಬದ ನೆರಳು."

ಇನ್ನು ನೀನು ಓಡಿಸಬೇಡ ಎಂದು ಮಗಳೇ ಹೇಳಿದಳು. ಗೋದಾಮಿನಲ್ಲಿ ರಜೆ ಕೇಳಿದಳು. ಅಮ್ಮನಿಗೆ ಲೈಸೆನ್ಸ್ ಬರುವವರೆಗೆ ಕಾಯುತ್ತೇವೆ ಎಂದು ಮ್ಯಾನೇಜರು ದೊಡ್ಡ ಮನಸ್ಸು ಮಾಡಿದ.

ಪರೀಕ್ಷೆಯ ದಿನ ಅಧಿಕಾರಿ ಎಡಗಡೆಯ ಸೀಟಿನಲ್ಲಿ ಕುಳಿತು, ಕಾಲುಗಳನ್ನು ಹಿಂದಕ್ಕೆಳೆದುಕೊಂಡು, ತೊಡೆಯ ಮೇಲೆ ಕಾಗದ ಹರಡಿಕೊಂಡ. ಆಕೆ ಚೆನ್ನಾಗಿಯೇ ಓಡಿಸಿದಳು, ಆತ ತಲೆಯನ್ನೂ ಆಡಿಸಿದನಂತೆ. ಕೊನೆಗೆ ಆ ಬಿಳಿ ಗೆರೆಯ ಹತ್ತಿರ ನಿಲ್ಲಿಸಿ ಎಂದ. ಆಕೆ ಎಂದಿನ ಹಾಗೆ ಕಾಲಿಟ್ಟಳು. ಕಾರು ನಿಲ್ಲಲಿಲ್ಲ. ಗೆರೆ ದಾಟಿ ಹೋಗಿ ಸಿಮೆಂಟ್ ಕಟ್ಟೆಗೆ ಗುದ್ದಿತು. ಒಂದು ದೀಪ ಒಡೆಯಿತು, ಅಧಿಕಾರಿಯ ಹಣೆ ಊದಿತು. ಮೇಷ್ಟ್ರು ಬೇಲಿಯಾಚೆ ನಿಂತು ಸದ್ದು ಕೇಳಿಸಿಕೊಂಡರು. ಅವರ ಎಡಗಡೆಯ ಸೀಟಿದ್ದ ಕಾರೊಂದು ಮೊದಲ ಬಾರಿಗೆ ಗುದ್ದಿತ್ತು.

"ನಾನು ಒತ್ತಿದ್ದೆ ರೀ. ದಿನಾ ಒತ್ತುವಷ್ಟೇ ಒತ್ತಿದ್ದೆ" ಎಂದು ಆಕೆ ಅದನ್ನೇ ಮತ್ತೆ ಮತ್ತೆ ಹೇಳಿದಳು.

ಮೇಷ್ಟ್ರು ಮಾರನೆಯ ದಿನವೇ ಮೆಕ್ಯಾನಿಕ್ಕಿನ ಹತ್ತಿರ ಎಡಗಡೆಯ ಪೆಡಲುಗಳನ್ನು ಕೀಳಿಸಿದರು. ತೂತುಗಳಿಗೆ ಹಳೆಯ ಬಟ್ಟೆ ತುರುಕಿ ಮತ್ತೆ ಪಾಠಕ್ಕೆ ಕೂತರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ, ಇದು ಹುಟ್ಟುಗುಣವೂ ಅಲ್ಲ, ಹೊಟ್ಟೆಪಾಡಿಗೆ ಬಂದದ್ದು. ಆದರೂ ಹೋಗಲಿಲ್ಲ. ಕಾಲಿಗೆ ಪೆಡಲು ಸಿಗದಿದ್ದಾಗ ಅವರ ಕೈ ಹ್ಯಾಂಡ್ ಬ್ರೇಕ್ ಎಳೆಯಿತು. ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ಕೂತರೆ ಬಾಯಿ ಕೂಗಿಕೊಂಡಿತು. ಒಂದೇ ಒಂದು ದಿನವೂ ಯಾರನ್ನೂ ಬೈಯದವರು ಹೆಂಡತಿಯನ್ನು ಬೈದರು. ಆಕೆ ನಡುಮೈದಾನದಲ್ಲಿ ಕಾರು ಬಿಟ್ಟು ಇಳಿದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ! ಕಾರು ನಿಲ್ಲುತ್ತೆ ಅಂತ ನಂಬಿಕೊಂಡಿದ್ದೆ. ಅದನ್ನೂ ಕಿತ್ತುಬಿಟ್ರಿ ನೀವು."

ಸ್ಕೂಲಿನಿಂದ ಬೇರೆ ಮೇಷ್ಟ್ರೊಬ್ಬರು ಬಂದು ನೋಡಿದರು. ಪ್ರಯೋಜನವಾಗಲಿಲ್ಲ. ಹತ್ತು ಮಾರು ದೂರದಲ್ಲಿ ಬೆಕ್ಕು ಕಂಡರೂ ಆಕೆ ಎರಡೂ ಕಾಲುಗಳಿಂದ ಬ್ರೇಕು ತುಳಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸಂಬಳಕ್ಕೆ ಡ್ರೈವರನ್ನಿಟ್ಟುಕೊಳ್ಳಲು ಮಗಳ ಸಂಬಳವೇ ಸಾಲದು. ನಾನೇ ದಿನಾ ಕರೆದೊಯ್ಯೋಣವೆಂದರೆ ಅದೇ ಹೊತ್ತಿಗೆ ನನ್ನ ಕೆಲಸವೂ ಇತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಗೋದಾಮಿನವರು ಇನ್ನೆಷ್ಟು ಕಾಯುತ್ತಾರೆ, ಬೇರೊಬ್ಬಳನ್ನು ತೆಗೆದುಕೊಂಡರು. ಅಂದಿನಿಂದ ಆ ಹುಡುಗಿಯ ಬಾಯಿಯೂ ಕಡಿಮೆಯಾಯಿತು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟದ್ದು. ಕಾರನ್ನು ಗುಜರಿಯವನು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಡಿಕ್ಕಿಯ ಕೋಲು ಮಾತ್ರ ನಮ್ಮ ಮೆಟ್ಟಿಲ ಕೆಳಗೆ ಉಳಿಯಿತು.

ಈಗ ಮೇಷ್ಟ್ರಿಗೆ ಬೆಳಕು, ಕತ್ತಲೆ ಇಷ್ಟೇ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಮೂವರೂ ಆಸ್ಪತ್ರೆಗೆ ಗಾಡಿಯಿಲ್ಲದೆಯೇ ಹೋಗುತ್ತಾರೆ. ಮಗಳು ಕುರ್ಚಿಯಲ್ಲಿ, ಹೆಂಡತಿ ತಳ್ಳುತ್ತಾ, ಮೇಷ್ಟ್ರು ದಾರಿ ತಪ್ಪದಂತೆ ಕುರ್ಚಿಯ ಎಡಗಡೆಯ ಹಿಡಿ ಹಿಡಿದುಕೊಂಡು. ಹೋದ ಸಲ ನಾನೂ ಜೊತೆಗಿದ್ದೆ. ಅಂಗಡಿ ಸಾಲಿನ ಹತ್ತಿರ, ಸಮತಟ್ಟಾದ ರಸ್ತೆಯಲ್ಲಿ, ಕುರ್ಚಿ ಮುಂದೆ ಹೋಗದಾಯಿತು.

"ಗಾಲಿಗೆ ಏನೋ ಸಿಕ್ಕಿಕೊಂಡಿದೆ ಅಕ್ಕಾ" ಎಂದು ಹೆಂಡತಿ ಬಗ್ಗಿ ನೋಡಿದಳು.

ಮಗಳು ತಿರುಗಿ ಕೂಡ ನೋಡಲಿಲ್ಲ. "ಗಾಲಿಗೇನೂ ಆಗಿಲ್ಲಮ್ಮ" ಎಂದಳು. "ಅಪ್ಪಾ, ಬಿಡಪ್ಪಾ."

"ನಾನೆಲ್ಲಿ ಹಿಡ್ಕೊಂಡಿದೀನಿ?" ಎಂದರು ಮೇಷ್ಟ್ರು. ಹಿಡಿಯನ್ನು ಹಿಂದಕ್ಕೆಳೆದುಕೊಂಡಿದ್ದ ಅವರ ಮುಷ್ಟಿಯನ್ನು ಬಿಡಿಸಲು ನನ್ನ ಎರಡೂ ಕೈ ಬೇಕಾದವು.