ಹಗ್ಗದಾಚೆಯ ಕಂಬ

ಹಳೇ ಅರಮನೆ, ಪಾಳೇಗಾರರ ಮನೆ, ಬಿದ್ದುಹೋದ ಮಠ, ಇಂಥವನ್ನು ನೋಡಲು ಹೊರಡುವವರಿಗೆ ಮೊದಲು ಬೇಕಾದದ್ದು ಇತಿಹಾಸದ ಜ್ಞಾನವಲ್ಲ, ಗಟ್ಟಿ ಮಂಡಿ. ಅಲ್ಲಿನ ಮೆಟ್ಟಿಲು ಕಟ್ಟಿಸಿದ ಯಾವ ದೊರೆಗೂ ಆಗ ಎಪ್ಪತ್ತೆರಡು ವರ್ಷ ಆಗಿರಲಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಆಗಿದ್ದಿದ್ದರೆ ಒಂದೊಂದು ಮೆಟ್ಟಿಲೂ ಮೊಳದೆತ್ತರ ಇರುತ್ತಿರಲಿಲ್ಲ.

ನಿವೃತ್ತಿಯಾದಾಗಿನಿಂದ ನಾನೂ ನನ್ನ ಗೆಳೆಯನೂ ತಿಂಗಳಿಗೊಂದು ಇಂಥ ಜಾಗ ನೋಡುತ್ತ ಬಂದಿದ್ದೇವೆ. ನನ್ನ ಮನೆ ಚಂದ್ರಾ ಲೇಔಟಿನಲ್ಲಿ, ಅವನದು ಗೋವಿಂದರಾಜನಗರದಲ್ಲಿ. ಇಬ್ಬರೂ ರಾಜಾಜಿನಗರದ ಒಂದೇ ಕಾರ್ಖಾನೆಯಲ್ಲಿ ದುಡಿದವರು. ನಾನು ಲೇತ್ ಮೇಲೆ ಟರ್ನರ್, ಗರಗರ ತಿರುಗುವ ಕಬ್ಬಿಣವನ್ನು ಕೆತ್ತಿ ದುಂಡಗೆ ಮಾಡುವವನು. ಅವನು ಇನ್‌ಸ್ಪೆಕ್ಟರ್, ನಾನು ದುಂಡಗೆ ಮಾಡಿದ್ದು ನಿಜವಾಗಿಯೂ ದುಂಡಗಿದೆಯೇ ಅಂತ ಅಳೆಯುವವನು. ಅಳತೆಯ ಸಾಮಾನು ಕೈಗೆತ್ತಿಕೊಳ್ಳುವ ಮೊದಲೇ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಒಂದು ಸಲ ಸವರುತ್ತಿದ್ದ. ಕೂದಲೆಳೆಯಷ್ಟು ಏರುಪೇರಿದ್ದರೂ ಆ ಬೆರಳಿಗೆ ಸಿಕ್ಕಿಬೀಳುತ್ತಿತ್ತು. "ರಿಜೆಕ್ಟ್!" ಅಂತ ಇಡೀ ಶೆಡ್ಡಿಗೆ ಕೇಳುವ ಹಾಗೆ ಕೂಗಿ, ಆ ತುಂಡಿಗೆ ಕೆಂಪು ಬಣ್ಣ ಬಳಿದು ಬೇರೆ ಟ್ರೇಯಲ್ಲಿ ಇಡುತ್ತಿದ್ದ.

ನನ್ನ ಕೈಕೆಲಸದಲ್ಲಿ ರಿಜೆಕ್ಟ್ ಆಗಿದ್ದು ತೀರಾ ಕಡಿಮೆ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಅವನು ಒಪ್ಪುವುದಿಲ್ಲ. ಒಮ್ಮೆ ಸಿಟ್ಟಿಗೆ ಅವನ ಊಟದ ಕ್ಯಾರಿಯರ್‌ಗೇ ಕೆಂಪು ಬಣ್ಣ ಬಳಿದು ಆ ಟ್ರೇಯಲ್ಲಿಟ್ಟಿದ್ದೆ. ಅವನ ಡ್ರಾಯರ್ ಹಿಡಿಗೆ ಗ್ರೀಸ್ ಮೆತ್ತಿದ್ದಂತೂ ಲೆಕ್ಕವಿಲ್ಲ. ಮೂವತ್ತು ವರ್ಷ ಅವನು ಯಾವ ಹಿಡಿಯನ್ನೂ ನೋಡದೆ ಹಿಡಿಯುತ್ತಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಪ್ರವಾಸದಲ್ಲೂ ನನ್ನ ಬುದ್ಧಿ ಬಿಡಲಿಲ್ಲ. ಅರಮನೆಗಳಲ್ಲಿ ಗೈಡು ಸಿಗದೆ ಪರದಾಡುವ ಜನ ಯಾವಾಗಲೂ ಇರುತ್ತಾರೆ. ಬಿಳಿ ಕೂದಲು, ಕೈಯಲ್ಲೊಂದು ಕೊಡೆ ಇದ್ದರೆ ಸಾಕು, ನಂಬುತ್ತಾರೆ. ಒಂದು ಅರಮನೆಯ ಕಲ್ಲಿನ ತೊಟ್ಟಿ ತೋರಿಸಿ, ಇದು ರಾಣಿಯವರ ದೋಸೆಹಿಟ್ಟು ಹುದುಗಿಸುತ್ತಿದ್ದ ತೊಟ್ಟಿ ಅಂದಿದ್ದೆ. ಕುಟುಂಬವೊಂದು ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡಿತು. ಗೆಳೆಯ ಕಂಬದ ಮರೆಯಲ್ಲಿ ನಿಂತು ಕರ್ಚೀಫು ಬಾಯಿಗೆ ತುರುಕಿಕೊಂಡಿದ್ದ.

ಆಮೇಲೆ ಅವನ ಕಣ್ಣು ಕೆಟ್ಟಿತು. ಕಣ್ಣಿನೊಳಗಿನ ಒತ್ತಡವಂತೆ. ಹೋದ ದೃಷ್ಟಿ ಹೋದಂತೆಯೇ, ಇರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು ಅಂದರು ಡಾಕ್ಟರು. ಸುತ್ತಲಿನಿಂದ ಮಬ್ಬು ಒತ್ತರಿಸುತ್ತ ಬಂತು. ಮೊದಮೊದಲು ನಡುವೆ ಒಂದು ತಟ್ಟೆಯಗಲ ಕಾಣುತ್ತಿತ್ತು, ಆಮೇಲೆ ಇಡ್ಲಿಯಗಲ.

ವಿಜಯನಗರದ ದರ್ಶಿನಿಯೊಂದರ ಮುಂದೆ ಕಾಫಿ ಕುಡಿಯುತ್ತ ಅವನೇ ಹೇಳಿದ: "ಕಣ್ಣಿರೋಷ್ಟು ದಿನ ಸುತ್ಬಿಡೋಣ ಕಣೋ. ಕಾಣ್ದೇ ಇದ್ದಿದ್ದನ್ನ ನೀನು ಹೇಳು. ನಾನು ಒಳಗೆ ಇಟ್ಕೊಂಡಿರ್ತೀನಿ. ಮುಂದೆ ಮನೇಲಿ ಕೂತಾಗ ಬೇಕಾಗುತ್ತೆ."

"ಆಯ್ತು ಬಿಡು, ನಾನು ನಿನ್ನ ಕಣ್ಣು" ಅಂದೆ.

"ಅದೇ ಭಯ ನಂಗೆ" ಅಂದ.

ಅವನ ಭಯ ಸುಳ್ಳಾಗಲಿಲ್ಲ. ಪಾಳೇಗಾರರ ವಂಶದವರ ಒಂದು ದೊಡ್ಡ ಮನೆಯನ್ನು ಈಗ ಜನರಿಗೆ ನೋಡಲು ಬಿಟ್ಟಿದ್ದಾರೆ. ಅದರ ಮಹಡಿಯಲ್ಲಿ ಹಳೆಯ ಯಜಮಾನರ ಆಳೆತ್ತರದ ಚಿತ್ರ. ಮಸಿ ಹಿಡಿದ ಬಣ್ಣ, ಮಂದ ಬೆಳಕು, ಅವನಿಗೆ ಏನೂ ಕಾಣಲಿಲ್ಲ. "ಹೇಳು" ಅಂದ. ಪೇಟ, ಮೀಸೆ, ಕತ್ತಿ, ಎಲ್ಲ ಕಡೆಯೂ ಇರುವುದೇ. ನನಗೆ ಹೇಳಿ ಹೇಳಿ ಬೇಜಾರಾಗಿತ್ತು.

"ಎಡಗಂಕುಳಲ್ಲಿ ಒಂದು ಕೋಳಿ ಇಟ್ಕೊಂಡಿದಾರೆ" ಅಂದೆ.

"ಕೋಳೀನಾ?"

"ಬಿಳೀ ಕೋಳಿ. ಅದೂ ಮೀಸೆ ಬಿಟ್ಟಿರೋ ಹಾಗೇ ನೋಡ್ತಾ ಇದೆ."

ಅವನು ಅಲ್ಲೇ ಐದು ನಿಮಿಷ ನಿಂತ. ಎಷ್ಟು ಚೆನ್ನಾಗಿ ನಕ್ಕ ಅಂದರೆ ಸುಳ್ಳು ಅಂತ ಹೇಳಲು ನನಗೆ ಮನಸ್ಸೇ ಬರಲಿಲ್ಲ. ಪಾರ್ಕಿನಲ್ಲಿ ವಾಕಿಂಗಿಗೆ ಬರುವವರಿಗೆಲ್ಲ ಆ ಕೋಳಿಯ ಕಥೆ ಹೇಳಿದ. ಒಂದು ಭಾನುವಾರ ನೆಂಟರ ಮುಂದೆ ಹೇಳುತ್ತಿದ್ದಾಗ ಅವನ ಸೊಸೆ ಫೋನಿನಲ್ಲಿ ಆ ಚಿತ್ರ ಹುಡುಕಿ, "ಮಾವಾ, ಇದ್ರಲ್ಲಿ ಕೋಳಿ ಇಲ್ವಲ್ಲ, ಕತ್ತಿ ಇದೆ" ಅಂದಳಂತೆ. ನೆಂಟರು ನಕ್ಕರಂತೆ.

ಒಂದು ವಾರ ಅವನು ಪಾರ್ಕಿಗೆ ಬರಲಿಲ್ಲ. ನಾನೇ ಮನೆಗೆ ಹೋದೆ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಬೈಸಿಕೊಳ್ಳುವುದರಲ್ಲಿ ನನ್ನಷ್ಟು ಪಳಗಿದವರು ಇಡೀ ಬಸವೇಶ್ವರನಗರ, ಮಹಾಲಕ್ಷ್ಮಿ ಲೇಔಟ್ ಹುಡುಕಿದರೂ ಸಿಗುವುದಿಲ್ಲ. ಅವನು ಬೈಯಲಿಲ್ಲ.

"ಆ ಕೋಳೀನ ಒಳಗೆ ಇಟ್ಕೊಂಡ್ಬಿಟ್ಟಿದ್ನಲ್ಲೋ" ಅಂದ. "ಈಗ ನೀನು ಹೇಳಿದ್ರಲ್ಲಿ ಯಾವ್ದನ್ನ ಇಟ್ಕೊಳ್ಲಿ, ಯಾವ್ದನ್ನ ಬಿಸಾಕ್ಲಿ? ಅಳೆಯಕ್ಕೆ ನನ್ ಹತ್ರ ಏನೂ ಉಳಿದಿಲ್ಲ."

ಇನ್ನೊಂದು ಸುಳ್ಳು ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಅವನು ತಲೆಯಾಡಿಸಿದ, ಅಷ್ಟೇ.

ತಿರುಗಾಟ ನಿಲ್ಲಲಿಲ್ಲ, ಆದರೆ ಅದರ ರೀತಿ ಬದಲಾಯಿತು. ನಾನು ಏನು ಹೇಳಿದರೂ ಅವನು ಪಕ್ಕದಲ್ಲಿ ಯಾರ ಸದ್ದು ಕೇಳುತ್ತದೋ ಆ ಕಡೆ ತಿರುಗಿ, "ಸಾರ್, ಇಲ್ಲಿ ಬಾಗಿಲ ಮೇಲೆ ಎರಡು ಗಿಣಿ ಕೆತ್ತಿದಾರಂತೆ, ಹೌದಾ?" ಅಂತ ಕೇಳುತ್ತಿದ್ದ. ಅವರು ಹೌದು ಅಂದರೆ ಮಾತ್ರ ಗಿಣಿ ಒಳಗೆ ಹೋಗುತ್ತಿತ್ತು. ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಒಂದು ಹಳೇ ಚರ್ಚು ನೋಡಲು ಹೋದಾಗ, ಕಿಟಕಿಯ ಕಮಾನಿನೊಳಗಿಂದ ದೋಣಿ ಬರುತ್ತಿದೆ ಅಂದೆ. ನಿಜವಾಗಿಯೂ ಬರುತ್ತಿತ್ತು. "ಮೇಡಂ, ದೋಣಿ ಇದ್ಯಾ?" ಅಂತ ಯಾರೋ ಅಪರಿಚಿತ ಹೆಂಗಸನ್ನು ಕೇಳಿದ. ಆಕೆ ತಿರುಗಿ ನೋಡುವಷ್ಟರಲ್ಲಿ ದೋಣಿ ಗೋಡೆಯ ಮರೆಗೆ ಹೋಗಿತ್ತು. "ಇಲ್ಲ ಅಂಕಲ್" ಅಂದಳು. ನನಗೆ ಸಾಕಪ್ಪ ಅನ್ನಿಸಿತು. ಸುಳ್ಳು ಹೇಳುವುದು ಹಗುರ, ಬಾಯಿಗೆ ಬಂದದ್ದು ಹೇಳಿದರಾಯಿತು. ನಿಜ ಹೇಳಬೇಕಾದರೆ ಮೊದಲು ನೋಡಬೇಕು. ಮೂಲೆಮೂಲೆಯನ್ನೂ ನೋಡಿ, ನೋಡಿದ್ದಕ್ಕೆ ಮಾತು ಹುಡುಕಿ, ಕೊನೆಗೆ ದಾರಿಹೋಕರ ರುಜು ಹಾಕಿಸಬೇಕು. ಮನೆಗೆ ಬಂದರೆ ಚಪ್ಪಲಿ ಬಿಚ್ಚಲೂ ಶಕ್ತಿ ಇರುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವನು, "ಇದೊಂದು ಆಯ್ತು ಅಂದ್ರೆ ಸಾಕು ಕಣೋ. ಈಗ ಬೆಳಕು ಯಾವ ಕಡೆ ಅನ್ನೋದಷ್ಟೇ ಗೊತ್ತಾಗೋದು" ಅಂದ. ನಾಗಮಂಗಲದ ಕಡೆ ಒಂದು ಪಾಳು ಮಠ. ಸೂರು ಅರ್ಧ ಬಿದ್ದಿದೆ, ಉಳಿದದ್ದಕ್ಕೆ ಬೇಲಿ ಹಾಕಿ, ಹುಲ್ಲು ಬೆಳೆಸಿ, ಬೋರ್ಡು ನಿಲ್ಲಿಸಿದ್ದಾರೆ. ವಿಜಯನಗರದಿಂದ ಮೆಟ್ರೋದಲ್ಲಿ ಕೆಂಗೇರಿಗೆ ಹೋಗಿ, ಅಲ್ಲಿಂದ ಬಸ್ಸು, ಬಸ್ಸಿಳಿದು ಆಟೋ. ಬಸ್ಸಿನಲ್ಲಿ ಅವನಿಗೆ ಸೀಟು ಸಿಕ್ಕಿತು, ನನಗೆ ಕಂಬಿ ಸಿಕ್ಕಿತು. ತಲುಪುವಷ್ಟರಲ್ಲಿ ನನ್ನ ಮಂಡಿ ಎರಡೂ ಬೇರೆಯವರವೇನೋ ಅನ್ನುವ ಹಾಗಿದ್ದವು.

ಒಳಗಿನ ಮಂಟಪದಲ್ಲಿ ಬಳಪದ ಕಲ್ಲಿನ ಕಂಬಗಳು, ಯಾವುದೋ ಹಳೆಯ ದೇವಸ್ಥಾನದಿಂದ ತಂದು ನಿಲ್ಲಿಸಿದವು ಅಂತ ಬೋರ್ಡಿನಲ್ಲಿ ಬರೆದಿತ್ತು. ಕಲ್ಲನ್ನು ತಿರುಗಿಸುತ್ತ ಕಡೆದ ಕಂಬಗಳು. ನಮ್ಮ ಲೇತಿನ ಮುತ್ತಾತನ ಕೆಲಸ. ನಡುವೆ ಗಂಟೆಯ ಆಕಾರ, ಅದರ ಕೆಳಗೆ ಬಳೆ ತೊಡಿಸಿದ ಹಾಗೆ ಸುತ್ತು. ಸುತ್ತಲೂ ಹಗ್ಗ ಕಟ್ಟಿ, "ಮುಟ್ಟಬಾರದು" ಅಂತ ಬರೆದಿದ್ದರು. ಸೀಟಿ ಕೊರಳಿಗೆ ನೇತುಹಾಕಿಕೊಂಡ ಕಾವಲುಗಾರರೊಬ್ಬರು ಸ್ಟೂಲಿನ ಮೇಲೆ ಕುಳಿತಿದ್ದರು.

ನಾನು ಒಂದೊಂದೇ ಕಂಬ ನೋಡುತ್ತ ಹೇಳುತ್ತ ಹೋದೆ. ಬಾಗಿಲ ಪಕ್ಕದ ಕಂಬದಲ್ಲಿ ನನ್ನ ಕಣ್ಣು ನಿಂತಿತು. ಗಂಟೆಯ ಕೆಳಗಿನ ಎರಡನೇ ಬಳೆ ಒಂದು ಸುತ್ತು ಬಂದು ತನ್ನ ಶುರುವಿಗೇ ಸರಿಯಾಗಿ ಕೂಡಿರಲಿಲ್ಲ. ಸಣ್ಣ ಮೆಟ್ಟಿಲು ಬಿದ್ದಿತ್ತು. ಉಳಿ ಅದುರಿದೆ. ನನ್ನಂಥವನೇ ಒಬ್ಬ, ಎಷ್ಟೋ ನೂರು ವರ್ಷದ ಹಿಂದೆ, ಸಂಜೆ ಸುಸ್ತಾಗಿ ಕೈ ಸಡಿಲ ಬಿಟ್ಟಿದ್ದಾನೆ. ನನಗೆ ಮೈ ಜುಮ್ಮೆಂದಿತು. ಗೆಳೆಯನಿಗೆ ಹೇಳಿದೆ.

ಅವನ ಮುಖ ಬಿಗಿಯಾಯಿತು. "ಶುರು ಮಾಡ್ದೆ ಮತ್ತೆ."

"ಇಲ್ಲ ಕಣೋ, ಆಣೆ."

"ನಾನು ಇನ್‌ಸ್ಪೆಕ್ಟರ್ ಅಂತ ನಂಗೋಸ್ಕರ ಒಂದು ರಿಜೆಕ್ಟ್ ಪೀಸ್ ಹುಟ್ಟಿಸ್ದ್ಯಲ್ಲ. ಕೋಳಿಗಿಂತ ಇದು ಚೆನ್ನಾಗಿದೆ." ಆಮೇಲೆ ಕಾವಲುಗಾರರ ಕಡೆ ತಿರುಗಿ, "ಸಾರ್, ಈ ಕಂಬದಲ್ಲಿ ಏನಾದ್ರೂ ತಪ್ಪಿದ್ಯಾ?" ಅಂತ ಕೇಳಿದ.

ಅವರಿಗೆ ಸಿಟ್ಟೇ ಬಂತು. "ತಪ್ಪಾ? ಹತ್ತು ವರ್ಷದಿಂದ ಇಲ್ಲೇ ಡ್ಯೂಟಿ ಸಾರ್ ನಾನು. ಎಲ್ಲಾ ಒಂದೇ ಅಳತೆ, ಒಂಚೂರು ಹೆಚ್ಚುಕಮ್ಮಿ ಇಲ್ಲ. ಯಾರ್ ಸಾರ್ ಹೇಳಿದ್ದು?"

"ಯಾರೂ ಇಲ್ಲ ಬಿಡಿ" ಅಂದ ನನ್ನ ಗೆಳೆಯ. ನನ್ನ ತೋಳು ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟ. "ನಡಿ, ಹೋಗೋಣ. ಸಾಕಾಯ್ತು."

ಹೀಗೇ ಮನೆಗೆ ಹೋದರೆ ಮುಗಿಯಿತು. ಇನ್ನುಳಿದ ಆಯುಷ್ಯವೆಲ್ಲ ಇವನ ತಲೆಯೊಳಗೆ ನಾನು ಕೋಳಿಯವನೇ. ನಾನು ತೋರಿಸಿದ್ದೆಲ್ಲ, ಗಿಣಿ, ದೋಣಿ, ಕಂಬ, ಒಂದನ್ನೂ ಅವನು ನೆಮ್ಮದಿಯಾಗಿ ನೆನೆಸಿಕೊಳ್ಳಲಾರ. ಅವನ ಕಿವಿಯ ಹತ್ತಿರ ಬಾಗಿ ಹೇಳಿದೆ: "ಈಗ ಸೀಟಿ ಊದ್ತಾರೆ. ಊದಿದ್ ತಕ್ಷಣ ಒಂದೇ ಹೆಜ್ಜೆ ಮುಂದೆ ಇಡು, ಕೈ ಚಾಚು. ಎದೆ ಮಟ್ಟಕ್ಕೆ, ಗಂಟೆ ಕೆಳಗೆ ಎರಡನೇ ಬಳೆ. ಎಡಗಡೆಯಿಂದ ಸವರು."

"ಏನ್ ಮೆತ್ತಿದ್ದೀಯಾ ಅದಕ್ಕೆ?"

"ಏನೂ ಇಲ್ಲ ಕಣೋ!"

"ಗ್ರೀಸಾ?"

ಉತ್ತರ ಕೊಡುತ್ತ ನಿಂತರೆ ಕೆಲಸ ಕೆಡುತ್ತಿತ್ತು. ಅಂಗಳದ ಆ ತುದಿಯಲ್ಲಿ ಒಂದು ಖಾಲಿ ಪೀಠವಿತ್ತು, ಮೇಲಿದ್ದ ವಿಗ್ರಹವನ್ನು ಎಲ್ಲೋ ಮ್ಯೂಸಿಯಮ್ಮಿಗೆ ಸಾಗಿಸಿದ್ದಾರಂತೆ. ನಾನು ಹೋಗಿ, ಕೊಡೆ ಊರಿ, ಹೇಗೋ ಅದರ ಮೇಲೆ ಹತ್ತಿದೆ. ಚಕ್ಕಳಮಕ್ಕಳ ಹಾಕಿ ಕೂತು, ಬಲಗೈಯೆತ್ತಿ ಅಭಯ ಕೊಟ್ಟೆ. ಹುಲ್ಲಿನ ಮೇಲೆ ಕೂತಿದ್ದ ನಾಲ್ಕು ಜನ ಫೋನ್ ಎತ್ತಿದರು.

ಸೀಟಿ ಕೇಳಿಸಿತು. ಎರಡು ಹೊಲದಾಚೆಗೂ ಕೇಳಿಸಿರಬೇಕು.

"ಏನ್ ಸಾರ್ ಇದು, ಈ ವಯಸ್ಸಲ್ಲಿ! ಇಳೀರಿ ಕೆಳಗೆ!" ಕಾವಲುಗಾರರು ಓಡಿಬಂದರು.

"ಬಸ್ಸಲ್ಲಿ ಸೀಟ್ ಸಿಗ್ಲಿಲ್ಲ ಅಣ್ಣ. ಇಲ್ಲಿ ಒಂದು ಖಾಲಿ ಇತ್ತು."

"ತಮಾಷೆ ಮಾಡ್ಬೇಡಿ, ಇಳೀರಿ!"

ಇಳಿಯೋಣ ಅಂತ ಕಾಲು ಬಿಡಿಸಲು ಹೋದರೆ ಮಂಡಿ ಕಚ್ಚಿಕೊಂಡಿತ್ತು. ನಿಜವಾಗಿಯೂ. "ಇಳಿಯಕ್ಕಾಗ್ತಿಲ್ಲ, ಕಾಲು ಹಿಡ್ಕೊಂಡಿದೆ" ಅಂದೆ. ಅವರು ನಂಬಲಿಲ್ಲ. ಯಾರು ತಾನೇ ನಂಬುತ್ತಾರೆ? ಅಭಯಹಸ್ತ ಇನ್ನೂ ಮೇಲಕ್ಕೇ ಇತ್ತು.

ಅಷ್ಟರಲ್ಲಿ ಅವರ ಹೆಗಲಾಚೆ ಮಂಟಪದೊಳಗೆ ನೋಡಿದೆ. ಗೆಳೆಯ ಹಗ್ಗಕ್ಕೆ ಎದೆಯಾನಿಸಿ ನಿಂತಿದ್ದ. ಕೈ ಮುಂದೆ ಬಂದಿತ್ತು, ಆದರೆ ಕಂಬಕ್ಕೆ ಒಂದು ಗೇಣು ಈಚೆಗೇ ನಿಂತುಬಿಟ್ಟಿತ್ತು. ಬೆರಳು ಮಡಿಚಿದ, ಬಿಡಿಸಿದ. ಮೂವತ್ತು ವರ್ಷದ ಗ್ರೀಸೆಲ್ಲ ಆ ಒಂದು ಗೇಣಿನಲ್ಲಿತ್ತು. ಕಾವಲುಗಾರರು ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದರು, ಇನ್ನೊಂದು ಕ್ಷಣಕ್ಕೆ ಅವರು ತಿರುಗುತ್ತಾರೆ.

ಅವನು ಕಣ್ಣು ಮುಚ್ಚಿದ. ಮುಚ್ಚುವ ಅಗತ್ಯವೇನೂ ಇರಲಿಲ್ಲ. ಹೆಬ್ಬೆರಳು ಕಲ್ಲಿಗೆ ತಗುಲಿತು. ಎಡದಿಂದ ಬಲಕ್ಕೆ, ಆತುರವಿಲ್ಲದೆ, ಹಗಲು ಪಾಳಿಯಲ್ಲಿ ನಿಂತಿದ್ದ ಹಾಗೆ. ಒಂದು ಕಡೆ ಬೆರಳು ನಿಂತಿತು. ಹಿಂದಕ್ಕೆ ಬಂದು ಮತ್ತೆ ಹೋಯಿತು.

"ರಿಜೆಕ್ಟ್!"

ಬೆಚ್ಚಿದ ಪಾರಿವಾಳಗಳು ಸೂರಿನಿಂದ ಎದ್ದವು. ಕಾವಲುಗಾರರು ನನ್ನನ್ನು ಬಿಟ್ಟು ಓಡಿದರು, ನಾನು ಪೀಠದ ಮೇಲೆಯೇ ಉಳಿದೆ. ಸೀಟಿ ಊದುತ್ತ ಹೋದವರು ಕಂಬದ ಹತ್ತಿರ ಹೋಗಿ ಬೈಯಲು ಬಾಯಿ ತೆರೆದರು. ಅವನು ಅವರ ಕೈಯನ್ನೇ ಹುಡುಕಿ ಹಿಡಿದು ಆ ಬಳೆಯ ಮೇಲಿಟ್ಟ. ಹತ್ತು ವರ್ಷ ಬೇರೆಯವರ ಕೈ ತಡೆದ ಆ ಮನುಷ್ಯ ಒಂದು ದಿನವೂ ಆ ಕಂಬ ಮುಟ್ಟಿರಲಿಲ್ಲ ಅಂತ ಕಾಣುತ್ತದೆ. ತುಂಬ ಹೊತ್ತು ಸವರಿದರು.

"ಹೌದಲ್ಲ ಸಾರ್" ಅಂದರು ಮೆಲ್ಲಗೆ. "ಯಾರಿಗೂ ಹೇಳ್ಬೇಡಿ."

ಆಮೇಲೆ ಇಬ್ಬರೂ ಬಂದು ನನ್ನನ್ನು ಪೀಠದಿಂದ ಇಳಿಸಿದರು. ಒಬ್ಬರು ಎಳೆದದ್ದು, ಒಬ್ಬ ಕಾಲು ನೀವಿದ್ದು. ವಿಗ್ರಹ ಇಳಿಸುವಾಗಲೂ ಇಷ್ಟು ಕಷ್ಟ ಆಗಿರಲಿಲ್ಲ ಅಂದರು ಕಾವಲುಗಾರರು.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಬಿಡದಿ ದಾಟುವವರೆಗೆ ಅವನು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ ಇದ್ದ.

"ಆ ಕೋಳೀನ ಏನ್ ಮಾಡ್ಲೋ?" ಅಂತ ಕೇಳಿದ.

"ಬಿಸಾಕು."

"ಬೇಡ, ಇರ್ಲಿ ಬಿಡು. ಕೆಂಪು ಬಣ್ಣ ಬಳಿದು ಬೇರೆ ಟ್ರೇಲಿ ಇಟ್ಟಿದೀನಿ."

ಕೆಂಗೇರಿ ಹತ್ತಿರ ಬಸ್ಸು ಟ್ರಾಫಿಕ್‌ನಲ್ಲಿ ನಿಂತಿತು. ಕಣ್ಣು ಎಳೆಯುತ್ತಿತ್ತು. ಸೀಟಿಗೆ ತಲೆಯೊರಗಿಸಿದೆ.

"ಮುಂದೆ ಏನಿದೆ?" ಅಂದ.

"ಲಾರಿ. ಅದರ ಮೇಲೊಂದು ಆನೆ, ಥರ್ಮಾಕೋಲ್ ಆನೆ. ಮದುವೆ ಮನೆಗೆ ಇರ್ಬೇಕು."

ನಮ್ಮ ಹಿಂದೆ ಮುಂದೆ ಜನ ತುಂಬಿದ್ದರು. ಕಂಡಕ್ಟರ್ ಪಕ್ಕದಲ್ಲೇ ನಿಂತಿದ್ದರು. ಅವನು ಯಾರನ್ನೂ ಕೇಳಲಿಲ್ಲ.

"ಸೊಂಡ್ಲು ಮೇಲಕ್ಕಿದ್ಯಾ, ಕೆಳಕ್ಕಿದ್ಯಾ?" ಅಂದ.

ಕೂತಲ್ಲಿಂದ ಅದು ಕಾಣುತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿ ಕಣ್ಣು ಮುಚ್ಚಬಹುದಿತ್ತು. ಮುಂದಿನ ಸೀಟಿನ ಕಂಬಿ ಹಿಡಿದು, ಮಂಡಿಯನ್ನು ಬೈದುಕೊಂಡು, ಎದ್ದು ನಿಂತು ಕತ್ತು ಚಾಚಿ ನೋಡಿದೆ.