ಹೆಸರು ಅಳಿಸಿದ ಹಡಗು

ನನಗಾಗ ಇಪ್ಪತ್ತು ವರ್ಷ. ಇದು ಅರವತ್ತು ವರ್ಷದ ಹಿಂದಿನ ಮಾತು. ಪಾಕಿಸ್ತಾನದ ಜೊತೆ ಯುದ್ಧ ಶುರುವಾಗಿತ್ತು. ನನ್ನ ಗಂಡ ಸಮುದ್ರದ ಮೇಲಿದ್ದರು.

ಸಿಪಾಯಿ ಅಂದುಕೊಂಡಿರಾ? ಅಲ್ಲ, ಅಡುಗೆಯವರು. ಮಂಗಳೂರಿನಿಂದ ಮುಂಬಯಿಗೆ ಹೆಂಚು ಸಾಗಿಸುವ ಸಣ್ಣ ಹಡಗಿನಲ್ಲಿ ಅನ್ನ ಬೇಯಿಸುತ್ತಿದ್ದರು. (ಹೆಸರು ಕೇಳಬೇಡಿ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎನ್ನುತ್ತಿದ್ದ ಕಾಲ.)

ಮೊನ್ನೆ ಮೊಮ್ಮಗಳು ಗಂಡ ಎಲ್ಲಿದ್ದಾನೆ ಅಂತ ಫೋನಿನ ನಕ್ಷೆ ತೋರಿಸಿದಳು. "ಅಜ್ಜಿ, ನೋಡು, ಇವರ ಕಾರು ನಗರ ದಾಟ್ತು." ಆ ಕಾರಿನ ಚುಕ್ಕಿ ಸ್ವಲ್ಪ ನಿಂತರೆ ಸಾಕು, ಅವಳ ಮುಖ ಬಾಡುತ್ತದೆ. ನಮಗೆ ಎಂಥ ಚುಕ್ಕಿ? ನಮಗೆ ಚೌಡಿ ಇದ್ದಳು.

ನಮ್ಮ ಕಡೆ ದನ ತಪ್ಪಿಸಿಕೊಂಡರೆ ಗುಡ್ಡದ ಚೌಡಿಯ ಮುಂದೆ ಕಾಯಿ ಕಟ್ಟಿ ಗುರುತು ಹೇಳುತ್ತೇವೆ. ಕೆಂದ ದನ, ಒಂದು ಕೊಂಬು ಮೊಂಡು, ಕಾಪಾಡು ತಾಯಿ, ಅಂತ. ನನ್ನ ಅತ್ತೆ ಹಡಗಿಗೂ ಅದನ್ನೇ ಮಾಡಿದ್ದರು. ಹಸಿರು ಬಣ್ಣ, ಹೆಸರು ಜಲಲಕ್ಷ್ಮಿ.

ಒಂದು ಮಧ್ಯಾಹ್ನ ತೀರ್ಥಹಳ್ಳಿಯ ಹಸನ್ ಬಂದ. ಅದೇ ಹಡಗಿನ ಕೆಲಸಗಾರ. ಕೈ ಮುರಿದುಕೊಂಡು ಊರಿಗೆ ಹೊರಟವನು, ಸಾಗರ ಪೇಟೆಯಲ್ಲಿ ಬಸ್ಸು ಹತ್ತಿ, ನಮಗೆ ಸುದ್ದಿ ಹೇಳಲೆಂದೇ ದಾರಿಯಲ್ಲಿ ನಮ್ಮ ಹೊಸನಗರದಲ್ಲಿ ಇಳಿದಿದ್ದ.

"ಅಮ್ಮಾ, ಹಡಗನ್ನ ಮಿಲಿಟರಿಯೋರು ತಗೊಂಡ್ರು. ಹೆಂಚಿನ ಜಾಗದಲ್ಲಿ ಈಗ ಸಿಪಾಯಿಗಳ ರೇಷನ್ನು, ಮದ್ದುಗುಂಡು. ಮುಂದುಗಡೆ ಒಂದು ಫಿರಂಗಿ ಕೂರ್ಸಿದಾರೆ. ನಿಮ್ ಮಗ ಅದ್ರಲ್ಲೇ ಇದ್ದಾನೆ."

ಅವನಿಗೆ ತಂದಿದ್ದ ಕಾಫಿ ಲೋಟವನ್ನು ನಾನು ನೆಲದ ಮೇಲಿಟ್ಟೆ. ಅತ್ತೆ ಬೆಚ್ಚಲಿಲ್ಲ.

"ಹಸಿರೇ ಇದ್ಯಾ?"

"ಇಲ್ಲಮ್ಮ. ವೈರಿಗೆ ಕಾಣಬಾರ್ದು ಅಂತ ಬೂದಿ ಬಣ್ಣ ಹೊಡೆದ್ರು. ಹೆಸರೂ ಅಳಿಸಿದ್ರು."

ಅತ್ತೆ ಈಗ ಬೆಚ್ಚಿದರು. "ವೈರಿಗೆ ಕಾಣದಿದ್ದದ್ದು ಚೌಡಿಗೆ ಹೆಂಗೆ ಕಾಣ್ತದೋ? ಅವಳು ಹಸಿರು ಹಡಗು ಹುಡುಕ್ತಾ ಕೂತಿರ್ತಾಳೆ. ಬೂದಿ ಅಂದ್ರೆ ಒಲೆ ಬೂದಿಯಾ?"

"ಮೈ ತೊಳೆದ ಎಮ್ಮೆ ಥರ."

"ಸರಿಯಾಗಿ ಹೇಳು. ದೇವರ ಹತ್ರ ಸುಳ್ಳಾಗಬಾರ್ದು."

ಹಸನ್ ನಗಲಿಲ್ಲ. ಯೋಚನೆ ಮಾಡಿ, "ಎಮ್ಮೆನೇ ಅನ್ನಿ" ಅಂದ. (ಒಳ್ಳೆ ಮನುಷ್ಯ.)

ಅತ್ತೆಗೆ ಮಂಡಿ ಊದಿತ್ತು, ಗುಡ್ಡ ಹತ್ತುವ ಹಾಗಿರಲಿಲ್ಲ. ನನ್ನ ಕಡೆ ತಿರುಗಿದರು.

"ನಾಳೆ ನೀ ಹೋಗು. ಹೆಸರಿಲ್ಲದ ಹಡಗು ನಂಬಿ ಉಪಯೋಗ ಇಲ್ಲ. ಒಳಗಿರೋನ ಹೆಸರು ಹೇಳು."

"ನಾನು ಹೇಳಿದ್ರೆ ಅವರ ಆಯುಸ್ಸು..."

"ನೀರಲ್ಲಿ ಮುಳುಗಿದ್ರೆ ಆಯುಸ್ಸು ಜಾಸ್ತಿ ಆಗ್ತದಾ?"

ನನ್ನ ಜೊತೆ ಒಂದು ಮೆತ್ತಗಿನ ಮಾತೂ ಆಡಿದವರಲ್ಲ ಅತ್ತೆ. ಆವತ್ತು ಮಾತ್ರ ಕಾಯಿ ಆರಿಸಲು ಕೂತವರು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಕಡೆಗೆ ಒಂದನ್ನು ನನ್ನ ಮಡಿಲಿಗೆ ಹಾಕಿ, "ಗಟ್ಟಿಯಾಗಿ ಹೇಳು ಮಗಾ, ಸಮುದ್ರ ದೂರ" ಅಂದರು.

ನನ್ನ ಗಂಡ ತಿರುಗಿ ಬಂದರು. ಬಂದು, ಮುದುಕರಾಗುವ ತನಕ ನನ್ನ ಸಾರಿಗೆ ಉಪ್ಪು ಸಾಲದು ಅನ್ನುತ್ತಲೇ ಇದ್ದರು. ಅದೆಲ್ಲ ಆಮೇಲಿನ ಮಾತು.

ಮರುದಿನ ಬೆಳಿಗ್ಗೆ ಗುಡ್ಡ ಹತ್ತಿದೆ, ಕಾಯಿ ಕಟ್ಟಿದೆ, ಎಮ್ಮೆ ಬಣ್ಣ ಅಂದೆ. ಆಮೇಲೆ ಮದುವೆಯಾದಾಗಿನಿಂದ ಮೊದಲ ಸಲ ಬಾಯಿಬಿಟ್ಟು, ಕಾಡಿಗೆಲ್ಲ ಕೇಳುವ ಹಾಗೆ, ಅವರ ಹೆಸರು ಹೇಳಿದೆ.