ಅಕ್ಕನಿಗೆ ಸಿಕ್ಕ ಅರ್ಧ

ವಿಚ್ಛೇದನಕ್ಕೆಂದು ವಕೀಲರನ್ನು ಕಾಣಲು ನಾನು ಮೊದಲ ಸಲ ಚಿಕ್ಕಮಗಳೂರಿಗೆ ಹೋದ ದಿನವೇ ಅಕ್ಕನ ಫೋನ್ ಬಂತು. ಅಕ್ಕ ಅಂದರೆ ದೊಡ್ಡಪ್ಪನ ಮಗಳು. ಅತ್ತಿಗುಂಡಿಯ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಬೆಳೆದವರು ನಾವು. ಜಗಳವಾಡುತ್ತಿದ್ದದ್ದು ನಾನು, ಅವಳು ಕೇಳಿಸಿಕೊಳ್ಳುತ್ತಿದ್ದಳು. ಗೋವಾದವನೊಬ್ಬನನ್ನು ಮೆಚ್ಚಿ, ಅಲ್ಲೇ ಮದುವೆ ನೋಂದಾಯಿಸಿ, ಮಡಗಾಂವ್ ಸೇರಿದ್ದಳು. ಅವಳ ಮದುವೆ ನನ್ನದಕ್ಕಿಂತ ಮೊದಲೇ ಮುರಿದು ಕೋರ್ಟಿಗೆ ಹೋಗಿತ್ತು.

"ಮುಗೀತು ಕಣೇ," ಅಂದಳು. "ಅವನ ಮನೆಯಲ್ಲಿ ಅರ್ಧ ನಂದು. ಹಾರ್ಡ್‌ವೇರ್ ಅಂಗಡಿಯಲ್ಲೂ ಅರ್ಧ."

"ಏನಂತ ವಾದ ಮಾಡಿದ್ರು ನಿನ್ನ ಲಾಯರು?"

"ವಾದ ಎಂಥದ್ದು ಮಾರಾಯ್ತಿ? ಇಲ್ಲಿ ಹಾಗೇ ಅಂತೆ. ಮದುವೆಗೆ ಮೊದಲು ಬೇರೆ ಥರ ಬರೆದಿಡದಿದ್ರೆ ಇಬ್ಬರದ್ದೆಲ್ಲ ಸೇರಿ ಇಬ್ಬರಿಗೂ ಸಮ. ಪೋರ್ಚುಗೀಸರ ಕಾಲದ್ದು. ನಂಗೂ ಗೊತ್ತೇ ಇರಲಿಲ್ಲ."

ಗೊತ್ತೇ ಇರಲಿಲ್ಲವಂತೆ! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ-ವಿರೋಧ ಎರಡೂ ಕಡೆ ನಿಂತು ಗೆದ್ದವಳು ನಾನು. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಮನೆಗೆ ಬರುತ್ತಿದ್ದವಳು ಅವಳು. ಈಗ ಅವಳು ಬಾಯಿ ತೆರೆಯದೆ ಅರ್ಧ ಪಡೆದಿದ್ದಳು. "ಒಳ್ಳೇದಾಯ್ತು ಅಕ್ಕ," ಅಂದೆ. ಹೊಟ್ಟೆಯೊಳಗೆ ಹಸಿ ಕಾಫಿಹಣ್ಣು ಕೊಳೆಯಲು ಹಾಕಿದಂತೆ ಏನೋ ಹುಳಿಯತೊಡಗಿತ್ತು. ಅದಕ್ಕೆ ಬೇರೆ ಹೆಸರಿಡಲು ಆ ದಿನ ತುಂಬಾ ಪ್ರಯತ್ನಪಟ್ಟೆ. ಅದು ಹೊಟ್ಟೆಕಿಚ್ಚೇ.

ನನ್ನ ವಕೀಲರು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮಾತಾಡುವ ಹಿರಿಯ ಹೆಂಗಸು. ಜಗಳದ ಕಾರಣ ಕೇಳಿದರು. ದೊಡ್ಡ ಕಥೆಯೇನೂ ಇರಲಿಲ್ಲ. ನಾನು ಮಾತಾಡುತ್ತಿದ್ದೆ, ಗಂಡ ಎದ್ದು ತೋಟಕ್ಕೆ ಹೋಗುತ್ತಿದ್ದರು. ಕೆಲವು ವರ್ಷ ಹೀಗೇ ನಡೆದ ಮೇಲೆ ನನಗೆ ಮಾತೂ ಬೇಡವಾಯಿತು, ಅವರಿಗೆ ವಾಪಸ್ ಬರುವುದೂ ಬೇಡವಾಯಿತು. ನನಗೆ ಬೇಕಾಗಿದ್ದದ್ದು ಬಾಳೂರಿನ ಅವರ ಕಾಫಿ ತೋಟದ ಹೊಸ ಬ್ಲಾಕ್‌ನಲ್ಲಿ ಅರ್ಧ. ನಾನು ಮದುವೆಯಾಗಿ ಹೋದಾಗ ಅದು ಕುರುಚಲು ಬೆಳೆದ ಬರೀ ಇಳಿಜಾರು. ಈಗ ಅಲ್ಲಿನ ಒಂದೊಂದು ಸಿಲ್ವರ್ ಓಕ್ ಮರಕ್ಕೂ ನಾನು ಹಬ್ಬಿಸಿದ ಕಾಳುಮೆಣಸಿದೆ.

"ಪಹಣಿ ಯಾರ ಹೆಸರಲ್ಲಿದೆ?" ಕೇಳಿದರು ವಕೀಲರು.

"ಅವರದ್ದು. ಆದ್ರೆ ಕೆಲಸ ನನ್ನದು ಮೇಡಂ."

"ಪಹಣಿಯಲ್ಲಿ ಕೆಲಸಕ್ಕೆ ಕಾಲಂ ಇಲ್ಲಮ್ಮ."

ನಾನು ಬಿಡಲಿಲ್ಲ. ಗೋವಾ ಇರುವುದು ಇದೇ ದೇಶದಲ್ಲಿ. ಅಲ್ಲಿನ ಹೆಂಡತಿ ಪಾಲುದಾರಳು, ಇಲ್ಲಿನವಳು ಅತಿಥಿಯೇ? ಘಟ್ಟದ ಸಾಲೊಂದೇ, ಮಳೆಯೊಂದೇ, ಕಾನೂನು ಮಾತ್ರ ಯಾಕೆ ಬೇರೆ? ಅವರು ಪೂರ್ತಿ ಕೇಳಿ, ಕನ್ನಡಕ ಇಳಿಸಿಕೊಂಡರು.

"ಚೆನ್ನಾಗಿ ಮಾತಾಡ್ತೀಯ. ಚಪ್ಪಾಳೆ ಸಿಗುತ್ತೆ, ತೋಟ ಸಿಗಲ್ಲ. ಜೀವನಾಂಶ ಕೇಳೋಣ. ಮದುವೆಯಲ್ಲಿ ನಿಂಗೆ ಅಂತ ಕೊಟ್ಟಿದ್ದು ನಿನ್ನ ಸ್ತ್ರೀಧನ, ಅದನ್ನ ವಾಪಸ್ ಕೇಳೋಣ. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಅಂತ ನಮ್ಮಲ್ಲಿ ಕಾನೂನಿಲ್ಲ. ಅವನಾಗಿ ಒಪ್ಪಿ ಕೊಟ್ಟರೆ ಬೇರೆ ಮಾತು. ತವರಿಂದ ಏನೇನು ತಂದಿದ್ದೆ ಹೇಳು."

ಬಂಗಾರ ಹೇಳಿದೆ, ಬೀರು ಹೇಳಿದೆ. ಆಮೇಲೆ ಹೊಳೆಯಿತು. "ಮೆಣಸಿನ ಬಳ್ಳಿ!"

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಟಾಗ ಅಜ್ಜಿ ನೆಟ್ಟ ಬಳ್ಳಿಯ ಸಸಿಗಳನ್ನು ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೇರು ಬರಿಸಿ ಜೊತೆಗೆ ಕಳಿಸುತ್ತಾರೆ. ಸೀರೆ, ಪಾತ್ರೆ, ಕೊನೆಗೆ ಜೀಪಿನ ಹಿಂದೆ ಈ ತೊಟ್ಟೆಗಳು. ಮದುವೆಯ ದಿನ ನಾನು ನಗಾಡಿದ್ದೆ. ಹೋಗುತ್ತಿರುವುದು ಕಾಫಿ ತೋಟಕ್ಕೆ, ಅಲ್ಲಿ ಮೆಣಸಿಗೆ ಬರವೇ ಅಂತ. ಆದರೆ ಅವುಗಳ ಬುಡದಲ್ಲಿ ಹಬ್ಬಿದ ಎಳೆಬಳ್ಳಿಗಳನ್ನೇ ಕತ್ತರಿಸಿ, ಬೇರು ಬರಿಸಿ, ವರ್ಷ ವರ್ಷ ಮಳೆ ಹಿಡಿಯುವಾಗ ಹೊಸ ಬ್ಲಾಕ್ ತುಂಬಿಸಿದ್ದೆ. ಅಂದಮೇಲೆ ಅಲ್ಲಿರುವುದೆಲ್ಲ ನನ್ನ ಸ್ತ್ರೀಧನದ ಸಂತಾನವಲ್ಲವೇ?

ವಕೀಲರು ನಕ್ಕರು. "ಬರೀತೀನಿ. ಜಡ್ಜ್ ಏನಂತಾರೋ ಗೊತ್ತಿಲ್ಲ, ಗಂಡನ ಕಡೆಯವರಿಗೆ ತಲೆಬಿಸಿಯಂತೂ ಆಗುತ್ತೆ."

ಕೋರ್ಟು ನಮ್ಮನ್ನು ಮಧ್ಯಸ್ಥಿಕೆಗೆ ಕಳಿಸಿತು. ಚಿಕ್ಕ ಕೋಣೆ, ಉದ್ದ ಮೇಜು, ಎರಡೂ ಕಡೆಯ ವಕೀಲರು, ಮೇಜಿನ ತುದಿಯಲ್ಲಿ ಮಧ್ಯಸ್ಥರು. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಅದನ್ನು ಇಸ್ತ್ರಿ ಮಾಡಿದವರು ಯಾರು ಅಂತ ಒಂದು ಕ್ಷಣ ಅದಕ್ಕೂ ಹೊಟ್ಟೆ ಉರಿಯಿತು. ನಾನು ಅಕ್ಕನ ಅರ್ಧದಿಂದ ಶುರುಮಾಡಿ ಮೆಣಸಿನ ಬಳ್ಳಿಯವರೆಗೆ ಎಲ್ಲ ಮಂಡಿಸಿದೆ.

"ಬಳ್ಳಿ ನಿಮ್ಮದೇ ಇರಬಹುದು," ಅಂದರು ಅವರ ವಕೀಲರು. "ಮರ ನಮ್ಮದಲ್ವಾ?"

"ಮರದಿಂದ ಮೆಣಸು ಕೊಯ್ದಿದ್ದು ನೀವೆಲ್ಲಾದರೂ ನೋಡಿದ್ದೀರಾ ಸರ್?"

ಮಧ್ಯಸ್ಥರು ಮುಗುಳ್ನಕ್ಕರು. ಅಷ್ಟು ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದ ಗಂಡ ನನ್ನ ಕಡೆ ತಿರುಗಿದರು.

"ಗೋವಾ ಕಾನೂನು ತಾನೇ ನಿಂಗೆ ಬೇಕಾಗಿರೋದು? ಆಗಲಿ. ಹೊಸ ಬ್ಲಾಕ್‌ನಲ್ಲಿ ಅರ್ಧ ತಗೋ, ಬರೆದುಕೊಡ್ತೀನಿ. ಮೂಡಿಗೆರೆಯ ನಿನ್ನ ಕ್ಲಾಸ್‌ನಲ್ಲಿ ಅರ್ಧ ನಂಗೆ ಕೊಡು."

ನಾನು ಮೂಡಿಗೆರೆಯಲ್ಲಿ ಮಕ್ಕಳಿಗೆ ಭಾಷಣ ಮತ್ತು ಚರ್ಚೆ ಕಲಿಸುವ ತರಗತಿ ನಡೆಸುತ್ತೇನೆ. ಅದನ್ನು ಶುರುಮಾಡಿದ್ದು ಮದುವೆಯ ನಂತರ. ಅಲ್ಲಿನ ಬೆಂಚುಗಳು ಬಂದದ್ದು ಇವರ ಜೀಪಿನಲ್ಲಿ. ಬಸ್ ತಪ್ಪಿದ ದಿನಗಳಲ್ಲಿ ಬಾಳೂರಿನಿಂದ ನನ್ನನ್ನು ಇಳಿಸುತ್ತಿದ್ದದ್ದೂ ಇವರೇ. ಎದುರಾಳಿಯ ಅತಿ ಬಲವಾದ ವಾದವನ್ನು ಮೊದಲೇ ಊಹಿಸಿಟ್ಟುಕೊಳ್ಳಿ ಅಂತ ಆ ಮಕ್ಕಳಿಗೆ ನಾನೇ ಹೇಳಿಕೊಡುವುದು. ನನ್ನ ಎದುರಾಳಿ ಮಾತೇ ಆಡದವರು, ಅವರಿಗೆ ವಾದವಿರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

"ಅದು ನನ್ನದು!" ಅಂದುಬಿಟ್ಟೆ.

ನನ್ನ ವಕೀಲರು ಕನ್ನಡಕ ಒರೆಸತೊಡಗಿದರು. ಯೋಚಿಸಲು ಸಮಯ ಬೇಕೆಂದು ಕೇಳಿಕೊಂಡು ಹೊರಬಂದೆ.

ಬಸ್ ಸ್ಟ್ಯಾಂಡಿನಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಎಂಥ ಅನ್ಯಾಯ ನೋಡು, ನಾನು ಕಟ್ಟಿದ್ದರಲ್ಲಿ ಪಾಲು ಕೇಳುತ್ತಾರೆ ಅಂತ ಒಂದೇ ಉಸಿರಿಗೆ ಹೇಳಿದೆ.

"ನನ್ನ ಬೇಕರಿ ಇತ್ತಲ್ಲ," ಅಂದಳು. "ಅದರಲ್ಲೂ ಅವನಿಗೆ ಅರ್ಧ ಹೋಯ್ತು."

ಆ ಬೇಕರಿಯನ್ನು ಅವಳು ಮನೆಯ ಹಿಂದಿನ ಸಣ್ಣ ಶೆಡ್ಡಿನಲ್ಲಿ ಒಬ್ಬಳೇ ಶುರುಮಾಡಿದ್ದಳು. ಒಲೆಯ ಬಿಸಿ ತಾಗಿ ಮೊಣಕೈ ತನಕ ಕಲೆಗಳಾಗಿದ್ದವು. ಅವಳು ತನಗೆ ಸಿಕ್ಕ ಅರ್ಧದ ಮಾತಾಡಿದ ದಿನ, ಕೊಟ್ಟ ಅರ್ಧ ಯಾವುದು ಅಂತ ಕೇಳಲು ನನಗೆ ತೋಚಿರಲೇ ಇಲ್ಲ.

"ಕೊಟ್ಟುಬಿಟ್ಟೆಯಾ?"

"ಕೊಡ್ತೀಯಾ ಅಂತ ಯಾರು ಕೇಳ್ತಾರೆ? ಎರಡು ದಿನ ಅತ್ತೆ. ಆಮೇಲೆ ಬೆಳಿಗ್ಗೆ ಎದ್ದು ಹಿಟ್ಟು ಕಲಸಿದೆ."

ಇಲ್ಲಿ ನನ್ನ ಹೊಟ್ಟೆಕಿಚ್ಚು ಇಳಿಯಬೇಕಿತ್ತು. ಇಳಿಯಲಿಲ್ಲ, ಜಾಗ ಬದಲಿಸಿತು. ಅವಳಿಗೆ ಸಿಕ್ಕ ಮನೆ, ಅಂಗಡಿ ಹಾಗಿರಲಿ. ನಾನು ಪ್ರತಿಯೊಂದು ಬಳ್ಳಿಗೂ ಇದು ನನ್ನದು, ಇದು ನನ್ನದು ಅಂತ ಸಾಕ್ಷಿ ಹುಡುಕುತ್ತಿರುವಾಗ ಅವಳು ಅತ್ತು, ಮುಗಿಸಿ, ಹಿಟ್ಟು ಕಲಸಿದ್ದಳು. ಈ ನಿರಾಳವೂ ಅವಳಿಗೇ ಸಿಗಬೇಕೇ ಅನ್ನಿಸಿತು.

ಮುಂದಿನ ಸಲ ಅದೇ ಮೇಜಿನ ಮುಂದೆ ಕೂತು, ಬ್ಲಾಕ್‌ನಲ್ಲಿ ಅರ್ಧ ಬೇಡ ಅಂದೆ. ತರಗತಿ ಪೂರ್ತಿ ನನ್ನದು, ಇಳಿಜಾರು ಪೂರ್ತಿ ಅವರದ್ದು. ಜೀವನಾಂಶ ಒಂದೇ ಸಲಕ್ಕೆ, ಬಂಗಾರ ವಾಪಸ್, ಮತ್ತು ಬುಡದ ಎಳೆಬಳ್ಳಿಗಳನ್ನು ಕತ್ತರಿಸಿಕೊಳ್ಳಲು ಒಂದು ದಿನ. ಹೊರಗೆ ಬಂದಮೇಲೆ ವಕೀಲರು, "ಕೊನೆಗೆ ನಿಂಗೂ ನಮ್ಮ ರಾಜ್ಯದ ಕಾನೂನೇ ಸರಿಹೋಯ್ತಲ್ಲಮ್ಮ," ಅಂದರು. ನಾನು ಫೀಸು ಎಷ್ಟು ಬಾಕಿ ಅಂತ ಕೇಳಿದೆ.

ಮಾರ್ಚ್ ತಿಂಗಳಲ್ಲಿ ಬಾಳೂರಿಗೆ ಹೋದೆ. ಬುಡದ ಎಳೆಬಳ್ಳಿ ಮಣ್ಣಿಗೆ ಬೇರು ಬಿಟ್ಟರೆ ಸಸಿ ಮಾಡಲು ಬರುವುದಿಲ್ಲ, ಅದಕ್ಕೇ ತಿಂಗಳುಗಟ್ಟಲೆ ಮೊದಲೇ ಗೂಟಕ್ಕೆ ಸುತ್ತಿಡಬೇಕು. ಹೊಸ ಬ್ಲಾಕ್‌ನ ಮೊದಲ ಮರದ ಬುಡದಲ್ಲಿ ಬಳ್ಳಿ ಚೆಂದವಾಗಿ ಗೂಟ ಸುತ್ತಿಕೊಂಡಿತ್ತು. ಎರಡನೆಯದರಲ್ಲಿ ಇಲ್ಲ. ಮೂರನೆಯದರಲ್ಲಿ ಇತ್ತು. ಇಳಿಜಾರಿನ ಉದ್ದಕ್ಕೂ ಒಂದು ಮರ ಬಿಟ್ಟು ಒಂದು ಮರ.

"ಇದ್ಯಾಕೆ ಹೀಗೆ?" ಹಿಂದೆ ಬರುತ್ತಿದ್ದ ಗಂಡನನ್ನು ಕೇಳಿದೆ.

"ಅರ್ಧ," ಅಂದರು ಅವರು, ನಗದೆ.

ಅಂದರೆ ನಾವು ಆ ಮೇಜಿನ ಮುಂದೆ ಬಡಿದಾಡುವ ಮೊದಲೇ, ನನ್ನ ಅರ್ಜಿ ಕೈಗೆ ಸಿಕ್ಕಾಗಲೇ, ಅರ್ಧ ಮರಗಳ ಬಳ್ಳಿಯನ್ನು ಅವರು ನನಗೆಂದು ಸುತ್ತಿಟ್ಟಿದ್ದರು. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಹೇಳಿದ್ದರೆ ನಾನು ಅದಕ್ಕೂ ಒಂದು ವಿರೋಧ ಹುಡುಕುತ್ತಿದ್ದೆ. ಬಳ್ಳಿಗಳನ್ನು ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಬಂದೆ. ಉಳಿದ ಮರಗಳ ಮೆಣಸನ್ನು ಮುಂದೆ ಯಾವಳು ಒಣಗಿಸುತ್ತಾಳೋ ಅಂತ ದಾರಿಯುದ್ದಕ್ಕೂ ಯೋಚಿಸಿದೆ.

ಮಳೆ ಶುರುವಾಗುವ ಹೊತ್ತಿಗೆ ಅತ್ತಿಗುಂಡಿಯ ತವರಿನ ಅಂಗಳದಲ್ಲಿ ನನ್ನ ತೊಟ್ಟೆಗಳೆಲ್ಲ ಚಿಗುರಿದವು. ಅಕ್ಕ ಫೋನ್ ಮಾಡಿದಳು. ಅವಳ ಪಾಲಿಗೆ ಬಂದ ಮನೆಯಂಗಳದಲ್ಲಿ ಬಳ್ಳಿ ಹಬ್ಬಿಸಲು ಒಂದು ಹಲಸಿನ ಮರವಿದೆಯಂತೆ. ಅವಳ ಮದುವೆಯ ಹೊತ್ತಿಗೆ ಮನೆಯಿಂದ ಕಳಿಸಿದ್ದ ಬಳ್ಳಿ ಎಂದೋ ಒಣಗಿಹೋಗಿತ್ತಂತೆ.

"ಒಂದಿಷ್ಟು ಸಸಿ ಕಳಿಸೇ, ಅಜ್ಜಿ ಬಳ್ಳಿದು."

ಅಜ್ಜಿ ಇಬ್ಬರಿಗೂ ಅಜ್ಜಿಯೇ. ನ್ಯಾಯ ಅಂದರೆ ಅದರಲ್ಲಿ ಅವಳಿಗೂ ಅರ್ಧ. ಬಸ್ಸಿನ ಪಾರ್ಸೆಲ್‌ಗೆ ಕಟ್ಟಲು ಕೂತು, ಸಾಲಾಗಿ ನಿಂತ ನೂರಾರು ತೊಟ್ಟೆಗಳನ್ನು ತುಂಬಾ ಹೊತ್ತು ನೋಡಿದೆ. ಎರಡು ಕಳಿಸಿದೆ.